ನಿಮಿಷಗಳ ಪಡೆ, ಗಂಟೆಗಳ ದಾರಿ

ಕೂಟಗಲ್‌ನಲ್ಲಿ ಬಸ್ಸು ಹತ್ತಿ, ರಾಮನಗರದಲ್ಲಿ ಇಳಿದು, ಬೆಂಗಳೂರಿನ ಬಸ್ಸಿಗೆ ಕಾದು ಕೆಂಗೇರಿ ಮುಟ್ಟಲು ಒಂದೂಕಾಲು ಗಂಟೆಯಾದರೂ ಹಿಡಿಯುತ್ತದೆ. ಭಯೋತ್ಪಾದನೆಯ ವಿರುದ್ಧ ಜಗತ್ತು ಇಂದಿಗೂ ನೆನೆಯುವ ನಾಲ್ಕು ಕಮಾಂಡೋ ದಾಳಿಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಅಷ್ಟು ಹೊತ್ತೂ ಬೇಕಾಗುವುದಿಲ್ಲ.

ಮೊದಲನೆಯದು 1977ರ ಅಕ್ಟೋಬರ್ 18ರದು. ಸೊಮಾಲಿಯಾದ ಮೊಗಾದಿಶು ನಿಲ್ದಾಣದಲ್ಲಿ ಅಪಹೃತ ಲುಫ್ತಾನ್ಸಾ ವಿಮಾನಕ್ಕೆ ಪಶ್ಚಿಮ ಜರ್ಮನಿಯ ಜಿಎಸ್‌ಜಿ–9 ಪಡೆ ನುಗ್ಗಿ 86 ಪ್ರಯಾಣಿಕರನ್ನು ಜೀವಂತವಾಗಿ ಇಳಿಸಿತು. ಅದಕ್ಕೆ ಹಿಡಿದದ್ದು 7 ನಿಮಿಷ. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ 6 ಬಂದೂಕುಧಾರಿಗಳು ಒತ್ತೆಯಾಳುಗಳನ್ನು ಇಟ್ಟುಕೊಂಡು ಕೂತಿದ್ದರು. ಬ್ರಿಟನ್ನಿನ ಎಸ್‌ಎಎಸ್ ಪಡೆ 17 ನಿಮಿಷದಲ್ಲಿ ಅದನ್ನು ಮುಗಿಸಿತು. 1993ರ ಏಪ್ರಿಲ್‌ನಲ್ಲಿ ಅಮೃತಸರದಲ್ಲಿ ನಿಂತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನಕ್ಕೆ ನಮ್ಮ ಎನ್‌ಎಸ್‌ಜಿ ಕಮಾಂಡೋಗಳು ನಡುರಾತ್ರಿ ನುಗ್ಗಿದರು. ಒಳಗಿದ್ದ 141 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ, ಅಪಹರಣಕಾರ ಸತ್ತ. ಅದು 5 ನಿಮಿಷದ ಕೆಲಸ. 2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಒಸಾಮ ಬಿನ್ ಲಾಡೆನ್‌ನನ್ನು ಕೊಂದ ಅಮೆರಿಕದ ಸೀಲ್ ತಂಡ ಆ ಆವರಣದಲ್ಲಿ ಇದ್ದದ್ದು ಸುಮಾರು 40 ನಿಮಿಷ.

ಕೂಡಿಸಿದರೆ 69 ನಿಮಿಷ. ನಮ್ಮ ಬಸ್ಸು ಇನ್ನೂ ಬಿಡದಿ ದಾಟಿ ಬರುತ್ತಿರುತ್ತದೆ.

ಕಮಾಂಡೋಗಳ ಬಗ್ಗೆ ನಾವು ನೋಡಿದ ಸಿನಿಮಾ, ಓದಿದ ಪುಸ್ತಕ, ಕೇಳಿದ ಮಾತು ಎಲ್ಲವೂ ಈ 69 ನಿಮಿಷದ ಸುತ್ತಲೇ ಇವೆ. ಹಗ್ಗ ಹಿಡಿದು ಜಾರುವವರು, ಕಪ್ಪು ಬಟ್ಟೆ, ಕಿಟಕಿ ಒಡೆಯುವ ಸದ್ದು. ಆದರೆ ಆ ನಿಮಿಷಗಳ ಆಚೆ ಈಚೆ ಇರುವ ಗಂಟೆ, ದಿನ, ವರ್ಷಗಳನ್ನು ಎಣಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸೋಲು ಗೆಲುವು ತೀರ್ಮಾನವಾಗುವುದು ಹೆಚ್ಚಾಗಿ ಅಲ್ಲಿಯೇ.

ಒಂದು ದಿನಕ್ಕೆ ಕುಗ್ಗಿಸಿದರೆ

ಅಬೋಟಾಬಾದ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ಅಮೆರಿಕದ ಮೇಲೆ ಬಿನ್ ಲಾಡೆನ್‌ನ ಸಂಘಟನೆ ದಾಳಿ ಮಾಡಿದ 2001ರ ಸೆಪ್ಟೆಂಬರ್ 11ರಿಂದ 2011ರ ಮೇ 2ರವರೆಗೆ 3,520 ದಿನ. ನಿಮಿಷಕ್ಕೆ ಇಳಿಸಿದರೆ 50 ಲಕ್ಷ 68 ಸಾವಿರದ 800. ಅದರಲ್ಲಿ ಕಮಾಂಡೋಗಳ ಪಾಲು 40 ನಿಮಿಷ, ಅಂದರೆ 1,26,720ರಲ್ಲಿ ಒಂದು ಪಾಲು. ಇಡೀ ಹುಡುಕಾಟವನ್ನು 24 ಗಂಟೆಯ ಒಂದು ದಿನಕ್ಕೆ ಕುಗ್ಗಿಸಿ ನೋಡಿದರೆ ಸೀಲ್ ತಂಡ ಕೆಲಸ ಮಾಡಿದ್ದು ಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಉಳಿದ ದಿನವೆಲ್ಲ ಕಡತ ಓದಿದವರದು, ಫೋನ್ ಕೇಳಿದವರದು, ಬಿನ್ ಲಾಡೆನ್‌ನ ಒಬ್ಬ ಪತ್ರವಾಹಕನ ಹೆಜ್ಜೆ ಹಿಡಿದು ವರ್ಷಗಟ್ಟಲೆ ನಡೆದವರದು.

ಇಂಥ ಮುಕ್ಕಾಲು ಸೆಕೆಂಡಿಗಾಗಿ ದೇಶಗಳು ಬೇರೆಯೇ ಪಡೆ ಕಟ್ಟಿದ್ದಕ್ಕೆ ಕಾರಣ 1972ರ ಮ್ಯೂನಿಕ್. ಒಲಿಂಪಿಕ್ಸ್ ಗ್ರಾಮಕ್ಕೆ ನುಗ್ಗಿದ ಉಗ್ರರ ಕೈಯಲ್ಲಿ ಇಸ್ರೇಲಿನ 11 ಮಂದಿ ಸತ್ತರು. ಬಿಡಿಸಲು ಹೋದವರು ಸಾಮಾನ್ಯ ಪೊಲೀಸರು. ಅದಕ್ಕೆ ಬೇಕಾದ ತರಬೇತಿಯಾಗಲಿ ಸಲಕರಣೆಯಾಗಲಿ ಅವರಿಗೆ ಇರಲಿಲ್ಲ. ಆ ವರ್ಷವೇ ಜಿಎಸ್‌ಜಿ–9 ಹುಟ್ಟಿತು. ಭಾರತದಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ 1984ರ ಸೇನಾ ಕಾರ್ಯಾಚರಣೆಯ ನಂತರ ರಾಷ್ಟ್ರೀಯ ಭದ್ರತಾ ದಳ, ಅಂದರೆ ಎನ್‌ಎಸ್‌ಜಿ, ರೂಪುಗೊಂಡಿತು. 1986ರಲ್ಲಿ ಸಂಸತ್ತು ಅದಕ್ಕೆ ಕಾಯ್ದೆಯನ್ನೂ ಮಾಡಿತು. ಒಳನುಗ್ಗಿ ಹೋರಾಡುವ ಅದರ ಭಾಗಕ್ಕೆ ಭೂಸೇನೆಯಿಂದ ಜನ ಬರುತ್ತಾರೆ, ಉಳಿದ ಭಾಗಕ್ಕೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಿಂದ.

ಎನ್‌ಎಸ್‌ಜಿಯ ಒಟ್ಟು ಬಲ ಸುಮಾರು 10,000. 2011ರ ಜನಗಣತಿಯಂತೆ ದೇಶದ ಜನಸಂಖ್ಯೆ 121 ಕೋಟಿ, ಆಗಿನ ರಾಮನಗರ ಜಿಲ್ಲೆಯದು 10.8 ಲಕ್ಷ. ಹಂಚಿದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಆಗಿನ ನಾಲ್ಕೂ ತಾಲ್ಲೂಕು ಸೇರಿ ನಮ್ಮ ಪಾಲಿಗೆ ಬರುವವರು 9 ಜನ. ಆ ಒಂಬತ್ತರಲ್ಲೂ ಅಡುಗೆಯವರು, ಚಾಲಕರು, ವೈರ್‌ಲೆಸ್‌ನವರು, ಗಣ್ಯರ ಕಾವಲಿನವರು ಇರುತ್ತಾರೆ. ಬಾಗಿಲು ಒದ್ದು ಒಳಗೆ ಹೋಗುವವರನ್ನು ಮಾತ್ರ ಎಣಿಸಿದರೆ ಒಂದು ತಾಲ್ಲೂಕಿಗೆ ಒಬ್ಬ ಸಿಕ್ಕರೆ ಪುಣ್ಯ.

ಕನಕಪುರ ರಸ್ತೆಯ 36 ಗಂಟೆ

ನಮಗೆ ಅತಿ ಹತ್ತಿರದ ಲೆಕ್ಕ ಇರುವುದು ಕನಕಪುರ ರಸ್ತೆಯಲ್ಲಿ.

1991ರ ಮೇ 21ರ ರಾತ್ರಿ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ತನಿಖೆಗೆ ರಚನೆಯಾದ ವಿಶೇಷ ತಂಡದ ಮುಖ್ಯಸ್ಥರು ಡಿ. ಆರ್. ಕಾರ್ತಿಕೇಯನ್, ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ. ಸಂಚಿನ ಸೂತ್ರಧಾರಿ ಎಲ್‌ಟಿಟಿಇಯ ಶಿವರಾಸನ್ ಮದರಾಸಿನಿಂದ ಟ್ಯಾಂಕರ್ ಲಾರಿಯೊಳಗೆ ಅಡಗಿ ಬೆಂಗಳೂರು ಸೇರಿಕೊಂಡ. ಆಗಸ್ಟ್ ನಡುವಿಗೆ ಬಲೆ ಬಿಗಿಯತೊಡಗಿತು. ಕನಕಪುರ, ಸಾತನೂರು ದಾಟಿ ಹೋದರೆ ಸಿಗುವ ಕಾವೇರಿ ದಡದ ಮುತ್ತತ್ತಿಯಲ್ಲಿ ಅಡಗಿದ್ದ ಎಲ್‌ಟಿಟಿಇ ಹುಡುಗರು ಪೊಲೀಸರು ಬಂದರೆಂದು ತಿಳಿದು ಸಯನೈಡ್ ಕಚ್ಚಿದರು. ಅದರ ಬೆನ್ನಲ್ಲೇ, ಆಗಸ್ಟ್ 18ರ ಸಂಜೆ, ಅದೇ ಕನಕಪುರ ರಸ್ತೆಯ ಬೆಂಗಳೂರಿನ ತುದಿಯಲ್ಲಿರುವ ಕೋಣನಕುಂಟೆಯ ಒಂದು ಮನೆಯ ಸುಳಿವು ಸಿಕ್ಕಿತು.

ಒಳಗೆ 7 ಜನ. ಹೊರಗೆ ಪೊಲೀಸರು, ತನಿಖಾ ತಂಡ, ಎನ್‌ಎಸ್‌ಜಿ ಕಮಾಂಡೋಗಳು. ಮನೆಗೆ ಮುತ್ತಿಗೆ ಬಿತ್ತು, ಆದರೆ ನುಗ್ಗಲಿಲ್ಲ. ಶಿವರಾಸನ್ ಬದುಕಿ ಸಿಕ್ಕರೆ ಇಡೀ ಸಂಚು ಬಿಚ್ಚಿಕೊಳ್ಳುತ್ತದೆ, ಹೆಣವಾಗಿ ಸಿಕ್ಕರೆ ಏನೂ ಇಲ್ಲ. ಕೊರಳಲ್ಲಿ ಸಯನೈಡ್ ಕಟ್ಟಿಕೊಂಡವರನ್ನು ಉಳಿಸಲು ಪ್ರತಿಮದ್ದು ಬೇಕು, ವೈದ್ಯರು ಬೇಕು. ಅದಕ್ಕಾಗಿ ಕಾದರು. ಒಪ್ಪಿಗೆಗಾಗಿಯೂ ಕಾದರು. 19ನೇ ತಾರೀಖು ಹೀಗೇ ಕಳೆಯಿತು. 20ರ ಬೆಳಗ್ಗೆ ಒಳಗೆ ಹೋದಾಗ ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಉಳಿದವರು ವಿಷ ಕುಡಿದು ಮಲಗಿದ್ದರು. ಜೀವಂತ ಸಿಕ್ಕವರ ಸಂಖ್ಯೆ ಸೊನ್ನೆ. ಅಂದು ರಾಜೀವ್ ಗಾಂಧಿಯವರ ಹುಟ್ಟುಹಬ್ಬ.

ಹತ್ಯೆಯಾದ ದಿನದಿಂದ ಅಲ್ಲಿಗೆ 91 ದಿನ. ಮುತ್ತಿಗೆ ಸುಮಾರು 36 ಗಂಟೆ, ಅಂದರೆ 2,160 ನಿಮಿಷ. ಸಯನೈಡ್ ಕೆಲಸ ಮಾಡಲು ಕೆಲವೇ ನಿಮಿಷ ಸಾಕು. ಹೊರಗಿನವರಿಗೆ ಎರಡು ಸಾವಿರ ನಿಮಿಷ ಸಾಲಲಿಲ್ಲ, ಒಳಗಿನವರಿಗೆ ಎರಡು ಮೂರು ಹೆಚ್ಚೇ ಆಯಿತು. ಜಗತ್ತಿನ ಯಾವ ಕಮಾಂಡೋ ಪಡೆಯ ಗುರಿಕಾರಿಕೆಯೂ ಈ ಅಂತರವನ್ನು ತುಂಬಲಾರದು. ಬಂದೂಕಿನ ಕೊರತೆ ಅಲ್ಲಿರಲಿಲ್ಲ. ಯಾವಾಗ ನುಗ್ಗಬೇಕು, ಅದನ್ನು ಹೇಳುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಲಿಲ್ಲ. ಎ. ಎಂ. ಆರ್. ರಮೇಶ್ 2006ರಲ್ಲಿ ನಿರ್ದೇಶಿಸಿದ ‘ಸಯನೈಡ್’ ಎಂಬ ಕನ್ನಡ ಚಿತ್ರ ನೋಡಿದವರಿಗೆ ಆ ಮನೆಯೊಳಗಿನ ಉಸಿರುಗಟ್ಟುವಿಕೆ ಗೊತ್ತಿರುತ್ತದೆ. ಹೊರಗಿನ ಗಡಿಯಾರದ ಕಥೆಯೂ ಅದಕ್ಕಿಂತ ಕಡಿಮೆಯದೇನಲ್ಲ.

560 ಬಾಗಿಲು

ಹದಿನೇಳು ವರ್ಷದ ಮೇಲೆ ಅದೇ ಗಡಿಯಾರ ಮುಂಬೈಯಲ್ಲಿ ಕಾಡಿತು. 2008ರ ನವೆಂಬರ್ 26ರ ರಾತ್ರಿ ಒಂಬತ್ತೂವರೆಯ ಸುಮಾರಿಗೆ 10 ಜನ ಉಗ್ರರು ಗುಂಡು ಹಾರಿಸತೊಡಗಿದರು. ಎನ್‌ಎಸ್‌ಜಿಯ ನೆಲೆ ಹರಿಯಾಣದ ಮಾನೇಸರ್‌ನಲ್ಲಿ. ಕಮಾಂಡೋಗಳು ಸಜ್ಜಾಗಿ ನಿಂತರು, ಆದರೆ ಅವರನ್ನು ಹೊತ್ತೊಯ್ಯುವ ಐಎಲ್–76 ವಿಮಾನ ಚಂಡೀಗಢದಲ್ಲಿತ್ತು. ಅದು ದಿಲ್ಲಿಗೆ ಬರಬೇಕು, ಸುಮಾರು 200 ಜನ ಸಾಮಾನು ಸರಂಜಾಮಿನೊಂದಿಗೆ ಹತ್ತಬೇಕು, ಮುಂಬೈಯಲ್ಲಿ ಇಳಿದು ಬಸ್ಸಿನಲ್ಲಿ ಕೊಲಾಬಾ ಸೇರಬೇಕು. ಮೊದಲ ಗುಂಡಿನಿಂದ ಕಮಾಂಡೋಗಳು ಕೆಲಸಕ್ಕೆ ಇಳಿಯುವವರೆಗೆ ಒಂಬತ್ತರಿಂದ ಹತ್ತು ಗಂಟೆ ಕಳೆದಿತ್ತು.

ಆಮೇಲೆ ಶುರುವಾದದ್ದು ಇನ್ನೊಂದು ಲೆಕ್ಕ. 1903ರಲ್ಲಿ ತೆರೆದ ತಾಜ್ ಹೋಟೆಲಿನ ಹಳೆ ಕಟ್ಟಡ, ಅದರ ಪಕ್ಕದ ಗೋಪುರ ಸೇರಿ ಸುಮಾರು 560 ಕೋಣೆ. ಒಳಗೆ 4 ಜನ ಉಗ್ರರು. ಒಂದು ಕೋಣೆಯ ಬಾಗಿಲು ತೆರೆದು, ಮಂಚದ ಕೆಳಗೆ, ಸ್ನಾನದ ಮನೆಯಲ್ಲಿ, ಪರದೆಯ ಹಿಂದೆ ನೋಡಿ, ಹೆದರಿ ಅಡಗಿದ ಅತಿಥಿಯನ್ನು ಹೊರಗೆ ಕಳಿಸಲು ಬರಿಯ 3 ನಿಮಿಷ ಎಂದಿಟ್ಟುಕೊಂಡರೂ ಒಂದು ತಂಡಕ್ಕೆ 1,680 ನಿಮಿಷ ಬೇಕು, ಅಂದರೆ 28 ಗಂಟೆ. ಅಷ್ಟು ಹೊತ್ತೂ ಹೊಗೆ, ಬೆಂಕಿ, ಕತ್ತಲೆ. ನೋಡಿ ಬಂದ ಕೋಣೆಗೆ ಉಗ್ರ ಮತ್ತೆ ಹೊಕ್ಕರೆ ಲೆಕ್ಕ ಮೊದಲಿನಿಂದ. ನಾಲ್ವರ ವಿರುದ್ಧ ಇಷ್ಟೊಂದು ಜನ ಏಕೆ ಬೇಕಾಯಿತು ಎಂದು ಆಗ ಟೀವಿ ಮುಂದೆ ಕೂತವರು ಕೇಳಿದ್ದುಂಟು. ಕಮಾಂಡೋಗಳು ಎದುರಿಸುತ್ತಿದ್ದುದು ನಾಲ್ವರನ್ನಷ್ಟೇ ಅಲ್ಲ, 560 ಬಾಗಿಲುಗಳನ್ನೂ.

ಆ ಬಾಗಿಲುಗಳ ನಡುವೆ ನವೆಂಬರ್ 28ರಂದು ಪ್ರಾಣ ಕೊಟ್ಟವರು ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್. ಇಸ್ರೊದಲ್ಲಿ ದುಡಿದ ತಂದೆಯ ಮಗ, ಫ್ರಾಂಕ್ ಆಂಥೊನಿ ಶಾಲೆಯ ವಿದ್ಯಾರ್ಥಿ, 1995ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ 1999ರಲ್ಲಿ ಬಿಹಾರ ರೆಜಿಮೆಂಟಿನ ಅಧಿಕಾರಿಯಾದವರು. ಸಾಯುವಾಗ ವಯಸ್ಸು 31. ಹದಿಮೂರು ವರ್ಷ ಕಟ್ಟಿದ ಯೋಧ ಕೆಲವು ಕ್ಷಣಗಳಲ್ಲಿ ಹೋದರು. ಉಗ್ರರು ಹೊಕ್ಕಿದ್ದ ಇನ್ನೊಂದು ಕಟ್ಟಡ ನಾರಿಮನ್ ಹೌಸ್‌ನಲ್ಲಿ ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಸತ್ತರು. ಇಬ್ಬರಿಗೂ ಅಶೋಕ ಚಕ್ರ ಸಂದಿತು. ಇಡೀ ದಾಳಿ ಸುಮಾರು 60 ಗಂಟೆ ನಡೆದು 166 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಬಹಳ ಮಂದಿ ಗುಂಡೇಟು ತಿಂದದ್ದು ಮೊದಲ ಕೆಲವು ಗಂಟೆಗಳಲ್ಲಿ, ಕಮಾಂಡೋಗಳ ವಿಮಾನ ಇನ್ನೂ ಉತ್ತರ ಭಾರತದಲ್ಲಿ ಇದ್ದಾಗ.

ಸರ್ಕಾರ ಪಾಠ ಕಲಿತದ್ದು ಭೂಪಟದ ಮೇಲೆ. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಎನ್‌ಎಸ್‌ಜಿಯ ಪ್ರಾದೇಶಿಕ ನೆಲೆಗಳು ತೆರೆದವು. ಕರ್ನಾಟಕ ಪೊಲೀಸರು ಬೆಂಗಳೂರಿನ ಕೂಡ್ಲುವಿನಲ್ಲಿ ಭಯೋತ್ಪಾದನಾ ನಿಗ್ರಹ ಕೇಂದ್ರ ಮಾಡಿ ‘ಗರುಡ’ ಎಂಬ ತಮ್ಮದೇ ಕಮಾಂಡೋ ಪಡೆ ಕಟ್ಟಿದರು. ಹೊಸ ಬಂದೂಕಿಗಿಂತ ದೊಡ್ಡ ಸುಧಾರಣೆ ಇದು, ಏಕೆಂದರೆ ಇದು ಗಂಟೆಗಳನ್ನು ಕಡಿಮೆ ಮಾಡುತ್ತದೆ.

ಜಾಗ ಹಿಗ್ಗಿದಷ್ಟೂ

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಬೆರಳೆಣಿಕೆಯ ಉಗ್ರರು ನುಗ್ಗಿದರು. ನೆಲೆಯ ಸುತ್ತಳತೆ ಸುಮಾರು 24 ಕಿ.ಮೀ. ಕೂಟಗಲ್‌ನಿಂದ ರಾಮನಗರಕ್ಕೆ ಹೋಗಿ ಬಂದಷ್ಟು ದೂರದ ಬೇಲಿ ಎನ್ನಿ. ಆ ಬೇಲಿಯೊಳಗೆ ಎಲ್ಲಿ ಯಾರಿದ್ದಾರೆ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ದಿನಗಳೇ ಹಿಡಿದವು. ಗುಂಡಿನ ಸದ್ದು ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಸತ್ತ ಉಗ್ರನ ಮೈಮೇಲಿನ ಸ್ಫೋಟಕ ತೆಗೆಯುವಾಗ ಎನ್‌ಎಸ್‌ಜಿ ಬಾಂಬ್ ನಿಷ್ಕ್ರಿಯ ತಂಡದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಪ್ರಾಣ ಕಳೆದುಕೊಂಡರು. ಅವರೂ ಬೆಂಗಳೂರಿನವರೇ. ಉಗ್ರ ಸತ್ತ ನಂತರವೂ ಅವನು ಬಿಟ್ಟುಹೋದದ್ದು ಕೊಂದಿತು.

ಪಡೆ ಬಲವಾಗಿದ್ದರೆ ಗೆಲುವು ಖಚಿತ ಎನ್ನುವುದೂ ಸುಳ್ಳು. 1980ರ ಏಪ್ರಿಲ್‌ನಲ್ಲಿ ಇರಾನಿನಲ್ಲಿ ಒತ್ತೆಯಾಳಾಗಿದ್ದ ತನ್ನವರನ್ನು ಬಿಡಿಸಲು ಅಮೆರಿಕ 8 ಹೆಲಿಕಾಪ್ಟರ್ ಕಳಿಸಿತು. ಕನಿಷ್ಠ 6 ಬೇಕಿತ್ತು. ಮರುಭೂಮಿಯ ಧೂಳು ದಾಟಿ ಸುಸ್ಥಿತಿಯಲ್ಲಿ ಉಳಿದದ್ದು 5. ಒಂದೇ ಒಂದು ಕಡಿಮೆಯಾದ್ದಕ್ಕೆ ಎಲ್ಲವನ್ನೂ ಕೈಬಿಟ್ಟರು. ಹಿಂತಿರುಗುವಾಗ ನಡೆದ ಅಪಘಾತದಲ್ಲಿ 8 ಸೈನಿಕರು ಸತ್ತರು, ಶತ್ರುವಿನ ಮುಖವನ್ನೇ ನೋಡದೆ. 2002ರ ಅಕ್ಟೋಬರ್‌ನಲ್ಲಿ ಮಾಸ್ಕೋದ ನಾಟಕಮಂದಿರದಲ್ಲಿ ರಷ್ಯಾದ ವಿಶೇಷ ಪಡೆ ಪ್ರಜ್ಞೆ ತಪ್ಪಿಸುವ ಅನಿಲ ಬಿಟ್ಟು ಉಗ್ರರನ್ನು ಮುಗಿಸಿತು. ಆದರೆ ಸುಮಾರು 130 ಒತ್ತೆಯಾಳುಗಳು ಸತ್ತರು, ಬಹುತೇಕರು ಆ ಅನಿಲದಿಂದಲೇ. ದಾಳಿಯ ಭಾಗ ಕರಾರುವಾಕ್ಕಾಗಿತ್ತು. ಉಸಿರು ಕಟ್ಟಿದವರನ್ನು ಆಸ್ಪತ್ರೆಗೆ ಸೇರಿಸುವ ಭಾಗಕ್ಕೆ ಅಷ್ಟು ತಾಲೀಮು ಆಗಿರಲಿಲ್ಲ.

ನಮ್ಮ ನೆಲದ ಗರಡಿಗಳು

ಕಮಾಂಡೋ ಎಂದರೆ ಎಲ್ಲೋ ದೂರದವರು ಎಂಬ ಭಾವನೆ ನಮ್ಮ ಕಡೆ ಇದೆ. ಕರ್ನಾಟಕದ ಭೂಪಟ ಬೇರೆಯೇ ಹೇಳುತ್ತದೆ. ಆಕಾಶದಿಂದ ಇಳಿಯುವ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಇರುವುದು ಬೆಂಗಳೂರಿನ ಜೆ. ಸಿ. ನಗರದಲ್ಲಿ. ಪದಾತಿ ದಳಗಳ ಆಯ್ದ ಸೈನಿಕರಿಗೆ ಕಮಾಂಡೋ ಪಾಠ ಹೇಳುವ ಸೇನೆಯ ಶಾಲೆ ಬೆಳಗಾವಿಯಲ್ಲಿದೆ. ಹೆಗಲ ಮೇಲೆ ಭಾರ ಹೊತ್ತು 40 ಕಿ.ಮೀ. ಓಡುವುದು ಅಲ್ಲಿಯ ಪರೀಕ್ಷೆಗಳಲ್ಲೊಂದು. ನಕ್ಸಲ್ ವಲಯಕ್ಕಾಗಿ ಸಿಆರ್‌ಪಿಎಫ್ ಕಟ್ಟಿದ 10 ಬೆಟಾಲಿಯನ್‌ಗಳ ಕೋಬ್ರಾ ಪಡೆಯ ಕಾಡುಯುದ್ಧ ಶಾಲೆ ಖಾನಾಪುರ ತಾಲ್ಲೂಕಿನಲ್ಲಿದೆ.

ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ಬೆಂಗಳೂರು ದಕ್ಷಿಣ ತಾಲ್ಲೂಕಿನ ತರಳು ಗ್ರಾಮ. 2011ರಿಂದ ಅಲ್ಲಿ ಸಿಆರ್‌ಪಿಎಫ್‌ನ ನಾಯಿ ತಳಿ ಮತ್ತು ತರಬೇತಿ ಶಾಲೆ ಇದೆ. ಅಲ್ಲಿ ಬೆಳೆಯುವ ಬೆಲ್ಜಿಯನ್ ಮಾಲಿನ್ವಾ ನಾಯಿಯ ತೂಕ 25ರಿಂದ 30 ಕಿಲೋ, ಒಂದು ಸಣ್ಣ ಮೂಟೆಯಷ್ಟು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಐವತ್ತು ಅರವತ್ತು ಲಕ್ಷ ಇದ್ದರೆ ನಾಯಿಯಲ್ಲಿ ಹತ್ತು ಕೋಟಿಗೂ ಮೀರಿ ಇರುತ್ತವೆ. ಅಬೋಟಾಬಾದ್‌ಗೆ ಸೀಲ್ ತಂಡದೊಂದಿಗೆ ಹೋದ ‘ಕೈರೋ’ ಇದೇ ತಳಿ. 2019ರಲ್ಲಿ ಐಸಿಸ್ ಮುಖ್ಯಸ್ಥ ಬಗ್ದಾದಿಯನ್ನು ಸುರಂಗದಲ್ಲಿ ಅಟ್ಟಿಸಿಕೊಂಡು ಹೋದ ‘ಕೊನಾನ್’ ಸಹ ಇದೇ ತಳಿ. ನಮ್ಮ ಬಾಗಲಕೋಟೆಯ ಮುಧೋಳ ನಾಯಿಯನ್ನೂ 2016ರಲ್ಲಿ ಭೂಸೇನೆ ಮೇರಠ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತು. ಅಡಗಿಸಿಟ್ಟ ಬಾಂಬಿನ ವಿಷಯದಲ್ಲಿ ಬಂದೂಕಿಗಿಂತ ಈ ಮೂಗು ಉಳಿಸುವ ಜೀವಗಳೇ ಹೆಚ್ಚು.

ಸೊನ್ನೆಯ ಬೆಲೆ

ಕರ್ನಾಟಕ ಕಂಡ ಭಯೋತ್ಪಾದನೆ ಬಹುಪಾಲು ಬಾಂಬಿನದು. 2008ರ ಜುಲೈ 25ರ ಬೆಂಗಳೂರಿನ ಸರಣಿ ಸ್ಫೋಟ, 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, 2013ರ ಅದೇ ತಾರೀಖಿನಂದು ಮಲ್ಲೇಶ್ವರದಲ್ಲಿ, 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟಿನಲ್ಲಿ, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ. ಈ ಐದೂ ಸಲ ಕಮಾಂಡೋಗಳಿಗೆ ಹೋರಾಡಲು ಸಿಕ್ಕ ನಿಮಿಷಗಳನ್ನು ಕೂಡಿಸಿ, ಬರುವುದು ಸೊನ್ನೆ. ಬಾಂಬ್ ಇಟ್ಟವನು ಅದು ಸಿಡಿಯುವ ಮುನ್ನವೇ ಜಾಗ ಬಿಟ್ಟಿರುತ್ತಾನೆ. ಮುತ್ತಿಗೆ ಹಾಕಲು ಮನೆ ಇಲ್ಲ, ನುಗ್ಗಲು ಬಾಗಿಲಿಲ್ಲ. ರಾಮೇಶ್ವರಂ ಕೆಫೆ ಪ್ರಕರಣದಲ್ಲಿ ಆರೋಪಿಗಳು 42 ದಿನಗಳ ನಂತರ ಸಿಕ್ಕಿಬಿದ್ದದ್ದು ಪಶ್ಚಿಮ ಬಂಗಾಳದಲ್ಲಿ. ಅವರನ್ನು ಹುಡುಕಿಕೊಟ್ಟದ್ದು ಕ್ಯಾಮರಾಗಳ ದೃಶ್ಯಗಳನ್ನು ತಾಳ್ಮೆಯಿಂದ ನೋಡಿದವರು.

ಹಾಗಾದರೆ ನಮ್ಮ ಭಾಗದಲ್ಲೇ ಯಾರಾದರೂ ಬಂದೂಕು ಹಿಡಿದು ಮನೆಯೊಂದನ್ನು ಹೊಕ್ಕರೆ? ಎನ್‌ಎಸ್‌ಜಿಯ ಹೈದರಾಬಾದ್ ನೆಲೆ ಆಕಾಶಮಾರ್ಗದಲ್ಲಿ ಇಲ್ಲಿಗೆ ಸುಮಾರು 500 ಕಿ.ಮೀ., ವಿಮಾನಕ್ಕೆ ಒಂದು ಗಂಟೆಯ ಹಾದಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ರಾಮನಗರಕ್ಕೆ ರಸ್ತೆಯಲ್ಲಿ ಸುಮಾರು 85 ಕಿ.ಮೀ. ಹೆಬ್ಬಾಳ, ಮೈಸೂರು ರಸ್ತೆ ಬಲ್ಲವರಿಗೆ ಗೊತ್ತು, ಆ 85 ಕಿ.ಮೀ. ಮೊದಲಿನ 500ಕ್ಕಿಂತ ಉದ್ದ. ಹೆಲಿಕಾಪ್ಟರ್ ಸಿಕ್ಕರೆ ಬೇರೆ ಮಾತು. ಕೂಡ್ಲುವಿನ ಗರುಡ ಪಡೆ ಅದಕ್ಕಿಂತ ಬೇಗ ಬರುತ್ತದೆ, ಅದಕ್ಕಿಂತ ಬೇಗ ಜಿಲ್ಲೆಯ ಪೊಲೀಸರು, ಎಲ್ಲಕ್ಕಿಂತ ಮೊದಲು ಹತ್ತಿರದ ಠಾಣೆಯ ಇಬ್ಬರು ಪೇದೆಗಳು. ಮುಂಬೈಯಲ್ಲೂ ಹಾಗೇ ಆಯಿತು. ಅಲ್ಲಿಯ ಹತ್ತು ಉಗ್ರರಲ್ಲಿ ಒಬ್ಬನಾದ ಕಸಬ್‌ನನ್ನು ಜೀವಂತ ಹಿಡಿದವರು ಕಪ್ಪು ಬಟ್ಟೆಯವರಲ್ಲ. ಲಾಠಿ ಹಿಡಿದಿದ್ದ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ ಅವನ ಬಂದೂಕಿನ ನಳಿಗೆಯನ್ನು ತಬ್ಬಿ ಹಿಡಿದು ಪ್ರಾಣ ಬಿಟ್ಟರು, ಜೊತೆಯವರು ಅವನನ್ನು ಕೆಡವಿದರು.

ಇನ್ನೊಂದು ಸೊನ್ನೆ ನಮ್ಮ ಜಿಲ್ಲೆಯದೇ. 2014ರ ಅಕ್ಟೋಬರ್ 2ರಂದು ಪಶ್ಚಿಮ ಬಂಗಾಳದ ಖಾಗ್ರಾಗಢದ ಒಂದು ಮನೆಯಲ್ಲಿ ಬಾಂಬ್ ತಯಾರಿಸುವಾಗ ಸ್ಫೋಟವಾಯಿತು. ಅದರ ಹಿಂದಿದ್ದ ಬಾಂಗ್ಲಾದೇಶಿ ಸಂಘಟನೆಯ ಮುಖಂಡ ಕೌಸರ್ ತಪ್ಪಿಸಿಕೊಂಡ. 2018ರ ಜನವರಿಯಲ್ಲಿ ಬೋಧಗಯೆಯಲ್ಲಿ ಬಾಂಬ್ ಇಟ್ಟ ಆರೋಪವೂ ಅವನ ಮೇಲೆ ಬಂತು. 2018ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತನಿಖಾ ದಳ ಅವನನ್ನು ಹಿಡಿದದ್ದು ರಾಮನಗರದಲ್ಲಿ. ವಿಮಾನ ಹಾರಲಿಲ್ಲ, ಕಮಾಂಡೋಗಳು ಹಗ್ಗ ಹಿಡಿದು ಇಳಿಯಲಿಲ್ಲ, ಊರಿನವರಿಗೆ ವಿಷಯ ತಿಳಿದದ್ದು ಮುಂದಿನ ದಿನಗಳ ಪತ್ರಿಕೆಗಳಿಂದ. 2021ರಲ್ಲಿ ನ್ಯಾಯಾಲಯ ಅವನಿಗೆ 29 ವರ್ಷ ಶಿಕ್ಷೆ ವಿಧಿಸಿತು. ಕೋಣನಕುಂಟೆಯಲ್ಲಿ 7 ಹೆಣ ಕೊಡಲಾಗದ ಉತ್ತರಗಳನ್ನು ಹೀಗೆ ಜೀವಂತ ಸಿಕ್ಕ ಒಬ್ಬ ಆರೋಪಿಯಿಂದ ಕೇಳಬಹುದು.

ಕಮಾಂಡೋ ಪಡೆಗಳು ಬೇಡ ಎಂದು ಇದರರ್ಥವಲ್ಲ. ಅಮೃತಸರದ 141 ಜನರ ಪಾಲಿಗೆ ಆ 5 ನಿಮಿಷವೇ ಇಡೀ ಬದುಕು, ಅದಕ್ಕಾಗಿ ನೂರಾರು ಜನ ವರ್ಷಗಟ್ಟಲೆ ತಾಲೀಮು ಮಾಡುವುದು ನ್ಯಾಯವೇ. ಆದರೆ ಆ ಪಡೆ ಎಷ್ಟು ಚೆನ್ನಾಗಿ ಗುಂಡು ಹೊಡೆಯುತ್ತದೆ ಎಂಬುದರ ಜೊತೆಗೆ ಅದನ್ನು ಎಷ್ಟು ಬೇಗ ಕರೆಯುತ್ತೇವೆ, ಎಷ್ಟು ಬೇಗ ತಲುಪಿಸುತ್ತೇವೆ, ಎಷ್ಟು ಸಲ ಕರೆಯುವ ಅಗತ್ಯವೇ ಬಾರದಂತೆ ನೋಡಿಕೊಳ್ಳುತ್ತೇವೆ ಎಂಬುದನ್ನೂ ಎಣಿಸಬೇಕು. ಕೊನೆಯದನ್ನು ಎಣಿಸುವಾಗ ಬಾಡಿಗೆದಾರನ ಗುರುತಿನ ಚೀಟಿ ಕೇಳಿದ ಮನೆ ಮಾಲೀಕ, ಅನುಮಾನ ಬಂದಾಗ 112ಕ್ಕೆ ಫೋನ್ ಮಾಡಿದ ನೆರೆಯವರು, ಬೀಟ್ ಪುಸ್ತಕ ತುಂಬುವ ಪೇದೆ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಖಾಗ್ರಾಗಢದಿಂದ ರಾಮನಗರಕ್ಕೆ 3 ವರ್ಷ 10 ತಿಂಗಳ ದಾರಿ. ಆ ದಾರಿಯನ್ನು ಯಾರೋ ಕೂತು ನಡೆದು ಮುಗಿಸಿದ್ದರಿಂದ ರಾಮನಗರದಲ್ಲಿ ಕಮಾಂಡೋಗಳಿಗೆ ಒಂದು ನಿಮಿಷದ ಕೆಲಸವೂ ಬೀಳಲಿಲ್ಲ. ಭಯೋತ್ಪಾದನೆಯ ವಿರುದ್ಧದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಂಕೆ ಇಲ್ಲ.